ಬೆವರುವ ಗೋಡೆಗೆ ಸೀಮೆಸುಣ್ಣ

ಡೊಂಬಿವಲಿ

೧೯೯೧ರಲ್ಲಿ, ಎಂಟನೆಯ ಇಯತ್ತೆಯ ನಡುವೆಯೇ, ನನ್ನ ಓದು ನಿಂತಿತು. ಯಾರೂ ನಿಲ್ಲಿಸಲಿಲ್ಲ, ನಾನೇ ನಿಲ್ಲಿಸಿದೆ. ವಿಜಯಪುರದ ಕಡೆಯಿಂದ ಕಲ್ಯಾಣಕ್ಕೆ ಕಟ್ಟಡದ ಕೆಲಸಕ್ಕೆ ಬಂದ ಅಪ್ಪನ ಹಿಂದೆ ಬಂದವನು ನಾನು. ಡೊಂಬಿವಲಿಯ ಕಾರ್ಖಾನೆಗಳ ವಸಾಹತು ಎಂಐಡಿಸಿಯಲ್ಲಿ, ಲೇತಿನ ಮೇಲೆ ಕಬ್ಬಿಣದ ಸುರುಳಿ ಏಳುವುದನ್ನು ಒಂದು ದಿನ ನೋಡಿದೆ, ಆಮೇಲೆ ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಇವತ್ತು ಅದೇ ಎಂಐಡಿಸಿಯಲ್ಲಿ ನನ್ನದೇ ಶೆಡ್ ಇದೆ. ಪಂಪಿನ ಸೀಲ್ ಮಾಡುತ್ತೇವೆ.

ಸೀಲ್ ಅಂದರೇನೆಂದು ಮೊದಲು ಹೇಳಿಬಿಡುತ್ತೇನೆ. ನೀರಿನಲ್ಲಿ ಮುಳುಗಿ ಕೆಲಸ ಮಾಡುವ ಪಂಪಿನ ಹೊಟ್ಟೆಯಲ್ಲಿ ಒಂದಿಷ್ಟು ಎಣ್ಣೆ ಇರುತ್ತದೆ. ಒಳಗಿನ ಎಣ್ಣೆ ಹೊರಗೆ ಬರಬಾರದು, ಹೊರಗಿನ ನೀರು ಒಳಗೆ ಹೋಗಬಾರದು. ಇವೆರಡರ ನಡುವೆ, ತಿರುಗುವ ಶಾಫ್ಟನ್ನು ಹಿಡಿದು ಕಾವಲು ಕೂತಿರುವುದು ಸೀಲ್. ನನ್ನ ಶೆಡ್ಡಿನಿಂದ ಹೊರಡುವ ಪ್ರತಿಯೊಂದು ಸೀಲಿನ ಮೇಲೂ ಸಣ್ಣದೊಂದು ನೇಗಿಲಿನ ಗುರುತು ಹೊಡೆದಿರುತ್ತೇನೆ. ಆ ಗುರುತಿನ ಮಾಲು ಸೋರಿತು ಎಂದು ಹೋದ ಚಳಿಗಾಲದವರೆಗೆ ಯಾರೂ ಹೇಳಿರಲಿಲ್ಲ.

ಹೇಳಿದ್ದು ದಕ್ಷಿಣ ಕಝಾಕಿಸ್ತಾನದ ಒಂದು ಸತು–ಸೀಸದ ಗಣಿ. ನಮ್ಮ ಸೀಲ್ ಕೂರಿಸಿದ ಪಂಪುಗಳನ್ನು ಅಲ್ಲಿಗೆ ಕಳಿಸಿದ್ದು ಸೀವುಡ್ಸಿನಲ್ಲಿ ಆಫೀಸು ಇರುವ ಒಂದು ರಫ್ತು ಕಂಪನಿ. ಅಲ್ಲಿ ನೌಕರಿಯಲ್ಲಿರುವ ಸದಾನಂದ ಉಡುಪಿ ಕಡೆಯವರು. ಅವರ ಅಣ್ಣನದು ಡೊಂಬಿವಲಿ ಸ್ಟೇಶನ್ನಿನ ಎದುರಿಗೇ ಹೋಟೆಲು. ಅಲ್ಲಿ ಚಹಾ ಕುಡಿಯುತ್ತ ಸದಾನಂದ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ನೆಲದಡಿಯ ಹೊಂಡ, ಕಪ್ಪು ನೀರು, ನೀರಿನ ಮೇಲೆ ಎಣ್ಣೆಯ ಪೊರೆ. ಬೆಳಕು ಬಿದ್ದು ಅದು ಅರೆತೆರೆದ ಕಣ್ಣಿನ ಹಾಗೆ ಕಾಣುತ್ತಿತ್ತು.

"ನಿಮ್ಮ ಸೀಲ್ ಸೋರಿದ್ದು ಅಂತ ಬರ್ದಿದ್ದಾರೆ ಮಲ್ಲಣ್ಣ. ಇದು ಹೌದಾದ್ರೆ ಕಂಪನಿ ಇನ್ನು ನಿಮ್ಮ ಮಾಲು ತಗೊಳ್ಳುದಿಲ್ಲ."

"ಸೋರೂದಿಲ್ರೀ ಅದು."

"ಫೋಟೋ ಉಂಟಲ್ಲ ಮಾರಾಯ್ರೆ."

"ಫೋಟೋದಾಗ ಎಣ್ಣಿ ಐತಿ. ನನ್ನ ಎಣ್ಣಿ ಅಂತ ಅದರ ಮ್ಯಾಲ ಬರದೈತೇನು?"

ಸದಾನಂದ ಚಹಾದ ಲೋಟ ಕೆಳಗಿಟ್ಟರು. "ಹಾಗಾದ್ರೆ ಬಂದು ತೋರ್ಸಿ."

ಶೆಡ್ಡಿನ ಅರ್ಧಕ್ಕಿಂತ ಹೆಚ್ಚು ಕೆಲಸ ಆ ಕಂಪನಿಯದು. ಅದು ಹೋದರೆ ಲೇತಿನ ಮುಂದೆ ನಿಂತ ಏಳು ಜನ ಬಾಗಿಲ ಹೊರಗೆ ನಿಲ್ಲಬೇಕು. ಅದಕ್ಕಿಂತಲೂ ನನಗೆ ಚುಚ್ಚಿದ್ದು ನೇಗಿಲು. ಹೊರಟೆ.

ಮಗಳು ಗೌರಿ ನನ್ನ ಸ್ವೆಟರ್ ಹಿಡಿದು ನೋಡಿ, ಅಲ್ಲಿಗೆ ಇದು ಸಾಲದೆಂದು ನಕ್ಕಳು. "ಪಪ್ಪಾ, ವಹಾಂ ಇಸ್‌ಸೇ ಕುಛ್ ನಹೀಂ ಹೋಗಾ."

"ಕನ್ನಡದಾಗ ಹೇಳವಾ."

"ಥಂಡಿ ಭಾಳ್," ಅಂದಳು. ಅವಳ ಕನ್ನಡ ಹೆಚ್ಚಾಗಿ ಅಲ್ಲಿಗೆ ಮುಗಿಯುತ್ತದೆ.

ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಭಿವಂಡಿಯ ಮಗ್ಗಗಳಿಂದ ಬರುವ ಹತ್ತಿ ನೂಲಿನ ವೇಸ್ಟ್ ಮತ್ತು ಒಂದು ಪೊಟ್ಟಣ ಸೀಮೆಸುಣ್ಣದ ಪುಡಿ ಇಟ್ಟುಕೊಂಡೆ. ಸೋರುವ ಜಾಗ ಹುಡುಕಲು ನಮ್ಮಲ್ಲಿ ಹಳೆಯದೊಂದು ರೀತಿ ಇದೆ. ಯಂತ್ರವನ್ನು ವೇಸ್ಟಿನಿಂದ ಒಣಗುವಂತೆ ಒರೆಸಬೇಕು, ಸುಣ್ಣ ಹಚ್ಚಬೇಕು, ಸುಮ್ಮನೆ ಬಿಡಬೇಕು. ಎಣ್ಣೆ ಎಲ್ಲಿಂದ ಬರುತ್ತದೋ ಅಲ್ಲಿ ಬಿಳಿ ಕಪ್ಪಾಗುತ್ತದೆ. ಯಾರ ಬಾಯಿಯ ಮಾತೂ ಬೇಕಾಗುವುದಿಲ್ಲ.

ಅಲ್ಮಾಟಿ

ಬಿಳಿ ಪುಡಿಯ ಪೊಟ್ಟಣ ಇಟ್ಟುಕೊಂಡು ಕಝಾಕಿಸ್ತಾನದಲ್ಲಿ ವಿಮಾನ ಇಳಿಯಬಾರದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಕಸ್ಟಮ್ಸಿನ ಹುಡುಗಿ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಹಿಂದಿನಿಂದ ಇಬ್ಬರು ಬಂದು ನಿಂತರು. ಸದಾನಂದರ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು. "ನಾನು ಇವರ ಜೊತೆ ಅಲ್ಲ ಅಂತ ಹೇಳ್ಲಾ?" ಎಂದು ನನ್ನನ್ನೇ ಕೇಳಿದರು.

ನಾನು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಅವರ ಮೇಜಿನ ಮೇಲೆ ಒತ್ತಿದೆ. ಮೇಲೆ ಚಿಟಿಕೆ ಪುಡಿ ಉದುರಿಸಿ ಊದಿದೆ. ಬೆರಳಿನ ಗುರುತು ಎದ್ದು ಕಂಡಿತು. ಮೂವರೂ ಬಗ್ಗಿ ನೋಡಿದರು. ಅವರಲ್ಲಿ ಹಿರಿಯನೊಬ್ಬ ತನ್ನ ಹೆಬ್ಬೆರಳನ್ನೂ ಒತ್ತಿ ಪುಡಿ ಹಾಕಿಸಿಕೊಂಡ, ತಲೆಯಾಡಿಸಿದ. ಸುಣ್ಣ ಬಿಟ್ಟು ಶೇಂಗಾ ಹಿಂಡಿ ಮೂಸಿದ ಹುಡುಗಿ ಸೀನುತ್ತಲೇ ನಮ್ಮನ್ನು ಹೊರಗೆ ಕಳಿಸಿದಳು.

ರೈಲು

ನಮ್ಮ ಕಲ್ಯಾಣ ಲೋಕಲಿನಲ್ಲಿ ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಲುಬಿನಲ್ಲಿ ಊರುತ್ತದೆ. ಇಲ್ಲಿ ಇಡೀ ಡಬ್ಬಿಯಲ್ಲಿ ನಾವು ಐದಾರು ಜನ. ಯಾರೂ ಮಾತಾಡುವುದಿಲ್ಲ. ಹೊರಗೆ ಮರವಿಲ್ಲ, ಬೇಲಿಯಿಲ್ಲ, ಹಿಮ ಮಾತ್ರ. ಆಗೀಗ ನಾಲ್ಕು ಕುದುರೆ, ಬೆನ್ನು ಗಾಳಿಗೆ ಕೊಟ್ಟು, ಕದಲದೆ. ನೋಡುತ್ತ ಕೂತರೆ ರೈಲು ಓಡುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ.

ಮಧ್ಯಾಹ್ನ ದೂರದಲ್ಲಿ ಒಂದು ಊರು ಕಂಡಿತು. ಗುಮ್ಮಟಗಳು, ಮಣ್ಣಿನ ಗೋಡೆ, ಸಣ್ಣ ಸಣ್ಣ ಬಾಗಿಲು. ನನಗೆ ಸಮಾಧಾನವಾಯಿತು.

"ಊರು ಚಲೋ ಐತಿ," ಎಂದೆ. "ಆದ್ರ ಒಂದು ಮನಿಯಾಗೂ ಹೊಗಿ ಏಳವಲ್ದು ನೋಡ್ರಿ. ಇಷ್ಟು ಥಂಡಿಯಾಗ ಒಲಿ ಹಚ್ಚಿಲ್ಲೇನು?"

ಸದಾನಂದ ಡಬ್ಬಿಯ ಕೆಲಸದವಳನ್ನು ಇಂಗ್ಲಿಷಿನಲ್ಲೂ ಕೈಸನ್ನೆಯಲ್ಲೂ ಕೇಳಿದರು. ಅವಳು ಎರಡೂ ಕೈ ಕೆನ್ನೆಗೆ ಹಚ್ಚಿ, ಕಣ್ಣು ಮುಚ್ಚಿ, ನೆಲ ತೋರಿಸಿದಳು.

ಅದು ಗೋರಿಗಳ ಊರು. ಸತ್ತವರಿಗೆ ಅಲ್ಲಿ ಬದುಕಿರುವವರಿಗಿಂತ ಗಟ್ಟಿ ಮನೆ ಕಟ್ಟುತ್ತಾರಂತೆ. ಆಮೇಲೆ ದಾರಿಯಲ್ಲಿ ಇನ್ನೂ ಅಂಥ ಎಷ್ಟೋ ಊರು ಬಂದವು. ನಾನು ಹೊಗೆ ಹುಡುಕುವುದನ್ನು ಬಿಟ್ಟೆ.

ಕರಿಬೆಟ್ಟದ ಬುಡ

ಸ್ಟೇಶನ್ನಿಗೆ ಬಂದವರು ಅಯ್ಗುಲ್ ಎಂಬ ಹೆಣ್ಣುಮಗಳು. ಗಣಿಯಲ್ಲಿ ಕಲ್ಲುಗಳನ್ನು ಓದುವ ಕೆಲಸ ಅವರದು. ಇಂಗ್ಲಿಷ್ ಬಲ್ಲರು. ಹಿಂದಿದ್ದ ಬೆಟ್ಟ ತೋರಿಸಿ ಕರಾತಾವ್ ಎಂದರು: ಕರಾ ಅಂದರೆ ಕಪ್ಪು, ತಾವ್ ಅಂದರೆ ಬೆಟ್ಟ. ನನ್ನನ್ನು 'ಅಗಾ' ಎಂದು ಕರೆದರು. ನಮ್ಮಲ್ಲಿ ಅಣ್ಣಾ ಅಂದ ಹಾಗೆ. ಅಷ್ಟು ದೂರದಲ್ಲಿ ಯಾರೋ ಅಣ್ಣಾ ಅಂದರೆ ಚೀಲ ಹಗುರಾಗುತ್ತದೆ.

ಪಂಪುಗಳ ಮೇಸ್ತ್ರಿ ಯೆರ್ಲಾನ್ ಮಾತ್ರ ಕೈ ಕೊಟ್ಟು, ಬೇಗ ಹಿಂದಕ್ಕೆ ತೆಗೆದುಕೊಂಡ. ದೂರು ಬರೆದವನು ಅವನೇ. ನನ್ನ ವಯಸ್ಸಿನವನು, ಬೆರಳುಗಳೂ ನನ್ನವೇ, ಉಗುರಿನ ಸುತ್ತ ಹೋಗದ ಕಪ್ಪು. ನನ್ನ ವಿಜಯಪುರದ ಮಾತು ಸದಾನಂದರಲ್ಲಿ ಇಂಗ್ಲಿಷಾಗಿ, ಅಯ್ಗುಲರಲ್ಲಿ ಕಝಾಕ್ ಆಗಿ ಅವನಿಗೆ ಮುಟ್ಟಬೇಕು. ದಾರಿಯಲ್ಲಿ ನನ್ನ ಸಿಟ್ಟು ಎಷ್ಟು ಸೋರಿತೋ ಗೊತ್ತಿಲ್ಲ.

"ಇವನು ಹೇಳುದು," ಎಂದರು ಸದಾನಂದ, "ಆ ಹೊಂಡದ ಸುತ್ತ ಮೊದಲು ಎಣ್ಣೆ ಇರ್ಲಿಲ್ಲ. ನಿಮ್ಮ ಪಂಪು ಇಳಿಸಿದ ಮೇಲೆಯೇ ಬಂದದ್ದು."

ಮೊದಲು ಪಂಪು ಎತ್ತಿಸಿ ನೋಡೋಣ ಎಂದೆ. ಊಟಕ್ಕೆ ಕುದುರೆ ಮಾಂಸ ಬಂತು. ರೊಟ್ಟಿ ಬಿಚ್ಚಿದೆವು. ರಾತ್ರಿ, ಗಣಿಯವರು ಕೊಟ್ಟ ಕೋಣೆಯಲ್ಲಿ ಸೀಮೆಎಣ್ಣೆಯಂಥ ವಾಸನೆ ಸಣ್ಣಗೆ ಸುಳಿಯುತ್ತಿತ್ತು. ನನ್ನ ಬಟ್ಟೆಯದೇ ಇರಬೇಕೆಂದು ಬಟ್ಟೆ ಮೂಸಿದೆ, ಅಲ್ಲ. ಕಿಟಕಿ ತೆರೆದೆ. ವಾಸನೆ ಹೊರಗಿನಿಂದಲೂ ಅಲ್ಲ. ಕೆಳಗಿನಿಂದ ಬರುತ್ತಿತ್ತು.

ಕೆಳಗೆ

ಗಣಿಯ ಪಂಜರ ಇಳಿಯುವಾಗ ಕಿವಿ ಮುಚ್ಚುತ್ತದೆ. ನಮ್ಮ ಕಡೆಯ ಬಾವಿಗೆ ಇಳಿದರೆ ತಲೆಯೆತ್ತಿದಾಗ ಒಂದು ತುಂಡು ಆಕಾಶವಾದರೂ ಕಾಣುತ್ತದೆ. ಇಲ್ಲಿ ಏನೂ ಇಲ್ಲ. ಮೇಲೆ ಅಷ್ಟು ಚಳಿ, ಕೆಳಗೆ ಬೆಚ್ಚಗೆ. ಯಾರದೋ ಉಸಿರಿನ ಒಳಗೆ ಹೊಕ್ಕ ಹಾಗೆ.

ಪಂಪಿನ ಹೊಂಡದ ಹತ್ತಿರ ವಾಸನೆ ದಟ್ಟವಾಗಿತ್ತು. ಒಂದು ಪಂಪನ್ನು ಸರಪಳಿಯಿಂದ ಮೇಲೆತ್ತಿಸಿ ನೇತುಹಾಕಿಸಿದೆ. ಮೈಯೆಲ್ಲ ಎಣ್ಣೆ. ವೇಸ್ಟ್ ತೆಗೆದು ಒರೆಸಿದೆ, ಒಣಗಿಸಿದೆ, ಸುಣ್ಣ ಹಚ್ಚಿದೆ. ಆಮೇಲೆ ಹಿಂದಿನ ಬಂಡೆಯ ಗೋಡೆಯ ಮೇಲೂ ಒದ್ದೆ ಕಂಡಿತು. ಎಣ್ಣೆ ಕಂಡಲ್ಲಿ ಒರೆಸುವುದು ನನ್ನ ಕೈಗೆ ಬಂದ ಗುಣ, ಮನಸ್ಸನ್ನು ಕೇಳುವುದಿಲ್ಲ. ಗೋಡೆಯನ್ನೂ ಒರೆಸಿದೆ. ಅದಕ್ಕೂ ಸುಣ್ಣ ಮೆತ್ತಿದೆ.

ತಿರುಗಿ ನೋಡಿದರೆ ಯೆರ್ಲಾನ್ ನನ್ನ ಕೈಯನ್ನೇ ನೋಡುತ್ತಿದ್ದ. ಹತ್ತಿರ ಬಂದ. ಬೈಯಲಿಲ್ಲ. ಕಪ್ಪಾದ ವೇಸ್ಟಿನ ಉಂಡೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಮಡಚಿ, ತನ್ನ ಎದೆಯ ಜೇಬಿನಲ್ಲಿ ಇಟ್ಟುಕೊಂಡ.

"ಎಂತ ಮಾಡಿದ್ರಿ ಮಾರಾಯ್ರೆ," ಎಂದು ಸದಾನಂದ ಪಿಸುಗುಟ್ಟಿದರು. "ಗಣಿಯವರು ಗೋಡೆ ಒರೆಸುದಿಲ್ಲವಂತೆ. ಹಳೇ ಸುರಂಗಗಳಲ್ಲಿ ಹೀಗೆ ಬರ್ತದಂತೆ. ಬೆಟ್ಟದ ಬೆವರು ಅಂತಾರಂತೆ."

"ಹಂಗಾದ್ರ ಇದೂ ಬೆಟ್ಟದ್ದೇ ಅಂತ ಯಾಕ ಒಪ್ಪವಲ್ಲ?"

"ಇದು ಹೊಸ ಸುರಂಗ. ಇಲ್ಲಿ ಬೆವರು ಇರ್ಲಿಲ್ಲ ಅಂತಾನೆ."

ಅಯ್ಗುಲ್ ನಮ್ಮನ್ನು ಪಕ್ಕದ ಹಳೆಯ ಸುರಂಗಕ್ಕೆ ಕರೆದೊಯ್ದರು. ಪಂಪಾಗಲಿ ಯಂತ್ರವಾಗಲಿ ಎಂದೂ ಹೊಗದ ಕಡೆ. ಅಲ್ಲಿ ಎಲ್ಲರ ತಲೆಯ ದೀಪ ಆರಿಸಿದರು.

ಎಂಐಡಿಸಿಯಲ್ಲಿ ಕರೆಂಟು ಹೋದರೂ ಎಲ್ಲೋ ಒಂದು ಬೆಳಕು ಉಳಿದಿರುತ್ತದೆ. ಇಂಥ ಕತ್ತಲು ನಾನು ನೋಡಿರಲಿಲ್ಲ. ಕಣ್ಣು ಮುಚ್ಚಿದ್ದೇನೋ ತೆರೆದಿದ್ದೇನೋ ಬೆರಳಿನಿಂದ ಮುಟ್ಟಿ ನೋಡಿಕೊಂಡೆ. ಎಲ್ಲೋ ಒಂದು ಹನಿ ಬಿತ್ತು. ಬಹಳ ಹೊತ್ತಾದ ಮೇಲೆ ಇನ್ನೊಂದು.

ಆಗ ಅಯ್ಗುಲ್ ಕೈಯಲ್ಲಿದ್ದ ನೇರಳೆ ದೀಪ ಹಚ್ಚಿದರು. ನೋಟು ಅಸಲಿಯೋ ನಕಲಿಯೋ ಎಂದು ಹೋಟೆಲಿನ ಹಣದ ಗಲ್ಲೆಯಲ್ಲಿ ನೋಡುತ್ತಾರಲ್ಲ, ಅಂಥದು. ಗೋಡೆ ಕಣ್ಣು ತೆರೆಯಿತು. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಬಂಡೆಯ ತುಂಬ, ಸಾಸಿವೆಯಷ್ಟು, ಅಕ್ಕಿಕಾಳಿನಷ್ಟು, ನೀಲಿ ಬಿಳಿ ಚುಕ್ಕೆಗಳು. ಸದಾನಂದ ನನ್ನ ತೋಳು ಹಿಡಿದರು. ಬಿಡಲಿಲ್ಲ.

"ಎಣ್ಣೆಯಂತೆ," ಎಂದರು. "ಕಲ್ಲಿನ ಹರಳಿನೊಳಗೆ ಸಿಕ್ಕಿಬಿದ್ದ ಎಣ್ಣೆ. ಮೂವತ್ತು ಕೋಟಿ ವರ್ಷಕ್ಕಿಂತ ಹಳೆದಿರಬಹುದಂತೆ."

ಅಲ್ಲೇ ನಿಂತು, ಆ ಬೆಳಕಿನಲ್ಲಿಯೇ, ಅಯ್ಗುಲ್ ಹೇಳುತ್ತ ಹೋದರು, ಸದಾನಂದ ತಮ್ಮ ಕನ್ನಡಕ್ಕೆ ತರುತ್ತ ಹೋದರು. "ಇದು ಒಂದು ಕಾಲಕ್ಕೆ ಸಮುದ್ರ ಅಂತೆ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳು. ಅವು ಸತ್ತು ಸತ್ತು ಕೆಸರಿಗೆ ಬಿದ್ದದ್ದು. ಕೆಸರಿನ ಮೇಲೆ ಕೆಸರು. ಒಳಗೆ ಬಿಸಿ ಏರಿ ಆ ಸತ್ತದ್ದೆಲ್ಲ ಎಣ್ಣೆ ಆದದ್ದು. ಇನ್ನೂ ಆಳದಿಂದ ಬಿಸಿ ಉಪ್ಪುನೀರು ಬಂತು, ಅದರಲ್ಲಿ ಸತು, ಸೀಸ ಕರಗಿಕೊಂಡು. ನೀರಿಗೂ ಎಣ್ಣೆಗೂ ಮೇಲೆ ಬರ್ಲಿಕ್ಕೆ ಇದ್ದದ್ದು ಒಂದೇ ಬಿರುಕು. ಇಲ್ಲಿ ಒಟ್ಟಾದವು. ಎಣ್ಣೆ ಗಂಧಕದ ಉಪ್ಪಿನ ಜೊತೆ ಸೇರಿ ಕೊಳೆತ ಮೊಟ್ಟೆ ವಾಸನೆಯ ಗಾಳಿ ಆಯ್ತು, ಆ ಗಾಳಿ ತಾಗಿ ಲೋಹ ಕಲ್ಲಿನಲ್ಲಿ ಕೂತಿತು. ಎಣ್ಣೆ ಇರದಿದ್ರೆ ಇಲ್ಲಿ ಅದಿರೇ ಇರ್ತಿರ್ಲಿಲ್ಲವೋ ಏನೋ, ಅಂತಾರೆ."

"ಅಂದ್ರ ಇಲ್ಲಿ ತಗಿಯೂ ಲೋಹ ಎಲ್ಲಾ..."

"ಹೌದು. ಸತ್ತವುಗಳು ಹಿಡಿದು ಇಟ್ಟದ್ದು."

ನಾನು ಕೈ ನೋಡಿಕೊಂಡೆ. ಒರೆಸಿದ ಬೆರಳುಗಳು, ಉಗುರಿನ ಸಂದಿ, ಅಂಗೈಯ ಗೆರೆ ಗೆರೆಯೂ ನೀಲಿಯಾಗಿ ಹೊಳೆಯುತ್ತಿದ್ದವು. ಸ್ವೆಟರಿಗೆ ತಿಕ್ಕಿದೆ. ಸ್ವೆಟರೂ ಹೊಳೆಯಿತು.

ಮತ್ತೆ ಕೆಳಗೆ

ಮರುದಿನ ಬೆಳಿಗ್ಗೆ ನಾಲ್ವರೂ ಇಳಿದೆವು. ನೇತುಬಿಟ್ಟ ಪಂಪಿನ ಮೇಲೆ ಸುಣ್ಣ ಹಚ್ಚಿದ ಹಾಗೆಯೇ ಇತ್ತು, ಹೊಸ ಗೋಡೆಯ ಹಾಗೆ ಬೆಳ್ಳಗೆ.

ಬಂಡೆಯ ಮೇಲೆ ಹಚ್ಚಿದ್ದು ಉಳಿದಿರಲಿಲ್ಲ. ಬಿಳಿಯನ್ನು ಸೀಳಿಕೊಂಡು ಐದು ಕಪ್ಪು ಗೆರೆ ಇಳಿದಿದ್ದವು, ಮೇಲೆ ಒಂದು ಕಡೆ ಕೂಡಿ, ಕೆಳಗೆ ಅಗಲವಾಗಿ. ಒಳಗಿನಿಂದ ಯಾರೋ ಕೈ ಊರಿದ್ದರು. ಬಿರುಕುಗಳು ಹಾಗೆ ಇರುತ್ತವೆ ಎಂದು ಅಯ್ಗುಲ್ ಹೇಳಿದರು. ಹೇಳಿದ ಮೇಲೂ ಅವರು ಗೋಡೆಯಿಂದ ಒಂದು ಹೆಜ್ಜೆ ಹಿಂದಕ್ಕೇ ನಿಂತಿದ್ದರು.

ಯೆರ್ಲಾನನಿಗೂ ಅವರೇ ವಿವರಿಸಿದರು. ಪಂಪು ನೀರನ್ನು ಎಳೆದಿತ್ತು. ಬಿರುಕುಗಳಲ್ಲಿ ಎಣ್ಣೆಯನ್ನು ತಡೆದಿದ್ದ ನೀರು ಇಳಿದ ಮೇಲೆ ಎಣ್ಣೆಗೆ ದಾರಿ ಸಿಕ್ಕಿತು. ಅವನು ಹೇಳಿದ್ದೂ ಸುಳ್ಳಲ್ಲ: ಬೆವರು ಶುರುವಾಗಿದ್ದು ಪಂಪು ಬಂದ ಮೇಲೆಯೇ. ಅವನು ಪಂಪಿನ ಸುಣ್ಣದ ಮೇಲೆ ಬೆರಳಾಡಿಸಿ, ನನ್ನ ಕಡೆ ನೋಡಿ, ಎದೆಯ ಮೇಲೆ ಕೈಯಿಟ್ಟ. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಆಫೀಸಿಗೆ ಹೇಳಲು ಅಯ್ಗುಲರ ಜೊತೆ ಫೋನಿನ ಕಡೆ ಹೋದ.

ಗೆದ್ದಿದ್ದೆ. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕೈಗೆ ಇನ್ನೊಂದು ಗುಣವಿದೆ. ಎತ್ತಿದ ಪಂಪನ್ನು ಬಿಚ್ಚದೆ ಇಳಿಸುವುದಿಲ್ಲ. ಬಿಚ್ಚಿದೆ.

ಒಳಗಿನ ಎಣ್ಣೆ ಹಾಕಿದಷ್ಟೇ ಇತ್ತು. ಸೀಲಿನ ಲೋಹದ ಮುಖ ಕನ್ನಡಿಯ ಹಾಗಿತ್ತು, ನೇಗಿಲೂ ಹಾಗೆಯೇ. ಹೊರಗಿನ ರಬ್ಬರಿನ ಉಂಗುರ ಮಾತ್ರ ನೆನೆಹಾಕಿದ ಕಡಲೆಯ ಹಾಗೆ ಉಬ್ಬಿತ್ತು. ಒತ್ತಿದರೆ ಬೆರಳು ಒಳಗಿಳಿಯುತ್ತಿತ್ತು. ನೀರಿಗೆಂದು ಆರ್ಡರ್ ಇತ್ತು. ನೀರು ತಾಳುವ ರಬ್ಬರನ್ನೇ ಹಾಕಿದ್ದೆ. ಆ ರಬ್ಬರಿಗೆ ಎಣ್ಣೆ ಆಗದು. ಇನ್ನೂ ಸೋರಿರಲಿಲ್ಲ, ಆದರೆ ಸೋರುವ ದಿನ ದೂರವಿರಲಿಲ್ಲ.

ಸದಾನಂದ ಬಗ್ಗಿ ನೋಡಿದರು. ಹುಷಾರು ಮನುಷ್ಯ, ಕೇಳುವ ಮೊದಲೇ ತಿಳಿಯಿತು.

"ಮುಚ್ಚಿ."

"ಹೆಂಗ ಮುಚ್ಚೂದ್ರೀ?"

"ಬಿಚ್ಚಿದ ಹಾಗೇ. ಅವರು ನೀರು ಅಂತ ಬರ್ದದ್ದು, ನೀವು ನೀರಿಂದು ಕೊಟ್ಟದ್ದು. ತಪ್ಪು ನಿಮ್ಮದಲ್ಲ. ಈಗಷ್ಟೇ ಹೆಸರು ಉಳಿದಿದೆ ಮಲ್ಲಣ್ಣ, ಅದನ್ನು ಹೊಂಡಕ್ಕೆ ಹಾಕ್ಬೇಡಿ."

"ನಾಳೆ ಇದು ಹರದ್ರ?"

"ನಾಳೆಯದ್ದು ನಾಳೆ. ಇಲ್ಲಿ ನೋಡುವವರು ಯಾರುಂಟು?"

ನಾನು ಗೋಡೆಯ ಕಡೆ ನೋಡಿದೆ. ನೇರಳೆ ದೀಪ ಇರಲಿಲ್ಲ, ಬರೀ ಕಲ್ಲು. ಆದರೆ ಒಮ್ಮೆ ನೋಡಿದ್ದನ್ನು ಕಣ್ಣು ಮರೆಯುವುದಿಲ್ಲ. ಆ ಕಲ್ಲಿನ ತುಂಬ ಏನಿದೆ ಎಂದು ನನಗೆ ಗೊತ್ತಿತ್ತು. ಸದಾನಂದರಿಗೂ ಗೊತ್ತಿತ್ತು. ಅವರು ನಾನು ನೋಡಿದ ಕಡೆಗೇ ನೋಡಿ, ತಲೆ ತಗ್ಗಿಸಿದರು. ಹನಿಯೊಂದು ಬಿತ್ತು.

"ಇದರ ಮ್ಯಾಲ ನೇಗಿಲ ಐತ್ರೀ," ಎಂದೆ.

ಯೆರ್ಲಾನ್ ಮರಳಿ ಬಂದಾಗ ಉಂಗುರವನ್ನು ಅವನ ಅಂಗೈಯಲ್ಲಿಟ್ಟೆ. ಒತ್ತಿ ನೋಡು ಎಂದು ಸನ್ನೆ ಮಾಡಿದೆ. ಒತ್ತಿದ. ಎಣ್ಣೆ ತಾಳುವ ರಬ್ಬರ್ ಬೇರೆ ಇದೆ, ಎಲ್ಲವನ್ನೂ ನನ್ನ ಕೈಯಿಂದ ಬದಲಿಸಿ ಕೊಡುತ್ತೇನೆ ಎಂದೆ. ಅದು ಸದಾನಂದರಿಂದ ಅಯ್ಗುಲರಿಗೆ, ಅಯ್ಗುಲರಿಂದ ಅವನಿಗೆ ಹೋಯಿತು. ಈ ಸಲ ದಾರಿಯಲ್ಲಿ ಏನೂ ಸೋರಲಿಲ್ಲ ಎಂದು ಕಾಣುತ್ತದೆ. ಅವನು ಉಂಗುರವನ್ನು ಇನ್ನೊಮ್ಮೆ ಒತ್ತಿ ನೋಡಿ ನನಗೆ ಮರಳಿಸಿದ. ಆಮೇಲೆ ಒಂದೇ ಮಾತು ಹೇಳಿದ.

"ನಾಳೆ ಶುಕ್ರವಾರ, ಮನೆಗೆ ಬಾ ಅಂತಾನೆ," ಎಂದರು ಸದಾನಂದ.

ಶುಕ್ರವಾರ

ಯೆರ್ಲಾನನ ತಾಯಿ ಒಲೆಯ ಮುಂದೆ ಕೂತಿದ್ದಳು. ಹಿಟ್ಟನ್ನು ತೆಳ್ಳಗೆ ತಟ್ಟಿ ಕಾದ ಎಣ್ಣೆಗೆ ಬಿಡುತ್ತಿದ್ದಳು. ನಮ್ಮ ಪೂರಿಯ ಅಣ್ಣನಂತೆ ಇತ್ತು. ಶೆಲ್ಪೆಕ್ ಅನ್ನುತ್ತಾರೆ ಎಂದರು ಜೊತೆಗೆ ಬಂದಿದ್ದ ಅಯ್ಗುಲ್. ಶುಕ್ರವಾರ ಏಳು ಕರಿಯಬೇಕು. ತಿನ್ನುವುದು ಆಮೇಲಿನ ಮಾತು, ಮುಖ್ಯವಾದದ್ದು ವಾಸನೆ. ಕಾದ ಎಣ್ಣೆಯ ವಾಸನೆ ಸತ್ತವರಿಗೆ ಮುಟ್ಟುತ್ತದೆ. ಮನೆಯವರು ಮರೆತಿಲ್ಲ ಎಂದು ಅವರಿಗೆ ತಿಳಿಯುತ್ತದೆ.

ಮಹಾಲಯ ಅಮಾವಾಸ್ಯೆಗೆ ನಮ್ಮವ್ವ ಕಲ್ಯಾಣದ ಚಾಳಿನಲ್ಲಿ ಹಿರಿಯರ ಹೆಸರಿನಲ್ಲಿ ವಡೆ ಕರಿಯುವಾಗ ಬಾಗಿಲು ತೆರೆದಿಡು ಎನ್ನುತ್ತಿದ್ದಳು. ಹೊಗೆ ಹೋಗಲಿ ಅಂತ ಇರಬೇಕು ಎಂದುಕೊಂಡಿದ್ದೆ.

ಮುದುಕಿ ಒಂದು ಶೆಲ್ಪೆಕ್ ನನ್ನ ಕೈಗೆ ಕೊಟ್ಟಳು. ಯೆರ್ಲಾನ್ ನಮ್ಮನ್ನು ಗಣಿಯ ಬಾಯಿಗೆ ಕರೆದೊಯ್ದ. ಹಿಮ ಸರಿಸಿ ಸಣ್ಣ ಗುಂಡಿ ತೋಡಿದ. ಎದೆಯ ಜೇಬಿನಿಂದ ನಾನು ಒರೆಸಿದ ವೇಸ್ಟಿನ ಉಂಡೆಯನ್ನು ತೆಗೆದು ನನ್ನ ಕೈಗಿಟ್ಟ. ಆ ಎರಡು ದಿನವೂ ಅದು ಅವನ ಎದೆಯ ಮೇಲೆಯೇ ಇತ್ತು. ಒರೆಸಿದ್ದು ಬೆಟ್ಟಕ್ಕೇ ಮರಳಬೇಕಂತೆ.

ಭಿವಂಡಿಯ ನೂಲನ್ನು ಕರಿಬೆಟ್ಟದ ಬಾಯಿಯಲ್ಲಿ ಹೂತೆ. ಮೇಲೆ ಶೆಲ್ಪೆಕ್ ಮುರಿದಿಟ್ಟೆ. ಯಾರ ಹೆಸರು ಹೇಳಬೇಕೆಂದು ತಿಳಿಯಲಿಲ್ಲ. ಎಂದೂ ಹೆಸರಿರದ ಜೀವಗಳು. ಗಾಳಿ ಇರಲಿಲ್ಲ. ಆದರೂ ಶೆಲ್ಪೆಕ್ಕಿನ ಎಣ್ಣೆಯ ವಾಸನೆ ಸುರಂಗದ ಒಳಕ್ಕೆ ಹೋಯಿತು, ಹೊರಕ್ಕೆ ಬರಲಿಲ್ಲ. ಆಸ್ತಿಕರಲ್ಲದ ಸದಾನಂದ ಇಲ್ಲಿ ಕಾಲಲ್ಲಿ ಚಪ್ಪಲಿ ಇರಬಾರದಿತ್ತೇನೋ ಎನ್ನುವ ಹಾಗೆ ಬೂಟುಗಾಲು ಹಿಂದೆ ತೆಗೆದುಕೊಂಡರು.

ಹೊರಡುವಾಗ ಅಯ್ಗುಲ್ ಆ ಹಳೆಯ ಸುರಂಗದ ಗೋಡೆಯದೇ ಒಂದು ಹರಳು ಕೊಟ್ಟರು.

ಮತ್ತೆ ಡೊಂಬಿವಲಿ

ರಬ್ಬರ್ ಬದಲಾಯಿಸಿದ ಸೀಲುಗಳು ಗಣಿಗೆ ಹೋದವು. ಸಂಜೆ ಎಂಐಡಿಸಿಯ ಮೇಲೆ ಎಂದಿನ ರಾಸಾಯನಿಕದ ವಾಸನೆ ಕವಿದಾಗ, ಮೊದಲಿನ ಹಾಗೆ ಮೂಗು ಮುಚ್ಚುವುದಿಲ್ಲ. ಯಾವ ಕಾಲದ ಸತ್ತ ಜೀವಗಳದೋ ಎಂದು ಯೋಚಿಸುತ್ತೇನೆ.

ಗೌರಿಯನ್ನು ಸದಾನಂದರ ಅಣ್ಣನ ಹೋಟೆಲಿಗೆ ಕರೆದೊಯ್ದು, ಗಲ್ಲೆಯ ನೋಟು ನೋಡುವ ದೀಪದ ಕೆಳಗೆ ಹರಳನ್ನು ಹಿಡಿದೆ. ಒಳಗೆ ಹನಿ ನೀಲಿಯಾಗಿ ಹೊತ್ತಿಕೊಂಡಿತು. ಹರಳು ವಾಲಿಸಿದರೆ ಹನಿಯೊಳಗಿನ ಸಣ್ಣ ಗುಳ್ಳೆ ಮೆಲ್ಲಗೆ ಅವಳ ಕಡೆ ಹೊರಳುತ್ತದೆ.

"ಯೇ ಜಿಂದಾ ಹೈ ಕ್ಯಾ?" ಎಂದಳು, ಜೀವ ಇದೆಯಾ ಅಂತ. ಆಮೇಲೆ ಏನನ್ನಿಸಿತೋ, ದನಿ ತಗ್ಗಿಸಿ ಕನ್ನಡದಲ್ಲಿ ಕೇಳಿದಳು. "ಇದು ನಮ್ಮನ್ನ ನೋಡಾಕತ್ತೈತಿ?"

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಶೆಡ್, ನಾಲ್ಕು ಲೇತು, ಕೆಲಸದಲ್ಲಿ ಉಳಿದ ಏಳು ಜನ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಂದು ನೇಗಿಲಿನ ಗುರುತು, ಅರ್ಧ ಪೊಟ್ಟಣ ಸೀಮೆಸುಣ್ಣ, ಒಂದು ಹರಳು. ಹರಳಿನಲ್ಲಿ ಒಂದು ಹನಿ. ಅದು ಇನ್ನೂ ಸೋರಿಲ್ಲ.